ಡೈರಿಯ ಬಾಯಿಬಡುಕಿ

ಕಣ್ಣು ಕಾಣದವರ ಹತ್ತಿರ ಜನ ಯಾಕೆ ಕಿರುಚಿ ಮಾತಾಡುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೋಗಿರುವುದು ಕಣ್ಣು, ಕಿವಿಯಲ್ಲ. ಕ್ಯಾಸಂಬಳ್ಳಿ ಕಡೆಯಿಂದ ಬರುವ ಬಸ್ಸು ನಮ್ಮೂರ ಕೆರೆಯ ಏರಿ ಹತ್ತುವಾಗಲೇ, ಇವತ್ತು ಡ್ರೈವರ್ ಹಳಬನೋ ಹೊಸಬನೋ ಎಂದು ನಾನು ಹೇಳಬಲ್ಲೆ. ಆದರೂ ಮನೆಗೆ ಬಂದ ನೆಂಟರು ನನ್ನ ಮುಖದ ಹತ್ತಿರಕ್ಕೇ ಬಂದು, ಮೂರು ಹೊಲದಾಚೆ ಇರುವವರನ್ನು ಕೂಗುವಂತೆ ಊಟವಾಯಿತಾ ಎಂದು ಕೇಳುತ್ತಾರೆ. ನಾನೂ ಅಷ್ಟೇ ಜೋರಾಗಿ ಆಯಿತು ಎಂದು ಕೂಗುತ್ತೇನೆ. ಅವರು ಬೆಚ್ಚಿ ಹಿಂದೆ ಸರಿಯುವುದು ಗೊತ್ತಾಗುತ್ತದೆ. ಅಷ್ಟು ಸಂತೋಷ ನನಗೂ ಬೇಡವೇ.

ನಾನು ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಇಷ್ಟುದ್ದದ ಹೆಸರು ಬೋರ್ಡಿನ ಮೇಲೆ ಮಾತ್ರ ಇದೆ, ಊರಿನ ಬಾಯಲ್ಲಿ ಅದು ಡೈರಿ. ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಬಾಗಿಲು ತೆಗೆಯಬೇಕು. ಹೆಂಗಸರು ಕ್ಯಾನು, ಬಿಂದಿಗೆ, ಸೊಂಬು ಹಿಡಿದು ಸಾಲು ನಿಂತಿರುತ್ತಾರೆ. ಒಬ್ಬೊಬ್ಬರಿಗೂ ಒಂದು ನಂಬರು. ಹಾಲನ್ನು ತೂಕದ ಪಾತ್ರೆಗೆ ಸುರಿಸಿ, ಅದರಲ್ಲಿ ಚೂರು ತೆಗೆದು ಪರೀಕ್ಷೆಯ ಮಿಷನ್ನಿಗೆ ಇಟ್ಟರೆ, ಅದು ಗುಂಯ್ ಎಂದು ಫ್ಯಾಟು ಎಷ್ಟು, ಡಿಗ್ರಿ ಎಷ್ಟು ಎಂದು ತೋರಿಸುತ್ತದೆ. ಫ್ಯಾಟು ಎಂದರೆ ಹಾಲಿನ ಜಿಡ್ಡು, ಡಿಗ್ರಿ ಎಂದರೆ ಗಟ್ಟಿತನ. ನೀರು ಬೆರೆತರೆ ಎರಡೂ ಇಳಿಯುತ್ತವೆ. ಅದೆಲ್ಲ ನನ್ನ ಮುಂದಿನ ಕಂಪ್ಯೂಟರಿಗೆ ಬರುತ್ತದೆ. ನಾನು ನಂಬರು ಒತ್ತಿದರೆ ಚೀಟಿ ಹೊರಗೆ ಬೀಳುತ್ತದೆ. ಹದಿನೈದು ವರ್ಷದಿಂದ ನನ್ನ ಬೆಳಗು ಸಂಜೆ ಎರಡೂ ಇದೇ.

ಪರೀಕ್ಷೆಯ ಮಿಷನ್ನಿನ ಹತ್ತಿರ ನಿಲ್ಲುವವಳು ನಮ್ಮ ಅಧ್ಯಕ್ಷೆಯ ಸೊಸೆ. ಬಿ.ಕಾಂ. ಓದಿದವಳು, ಮಾತು ಕಮ್ಮಿ. ಅಧ್ಯಕ್ಷೆ ವರಸೆಯಲ್ಲಿ ನನಗೆ ಅತ್ತೆಯಾಗಬೇಕು, ಹಾಗೆಂದೇ ಕರೆಯುತ್ತೇನೆ. ಮನೆಮನೆ ಸುತ್ತಿ, ಗಂಡಸರ ಕೈಲಿ ಬೈಸಿಕೊಂಡು ಈ ಸಂಘ ಕಟ್ಟಿದವರು ಅವರೇ. ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ, ಮುಂದೆ ಅವರ ಬಗ್ಗೆ ನಾನು ಒಳ್ಳೆಯ ಮಾತು ಹೆಚ್ಚಾಗಿ ಆಡುವುದಿಲ್ಲ.

ನನ್ನ ಕಣ್ಣು ಒಂದೇ ಸಲ ಹೋಗಲಿಲ್ಲ, ಕಂತಿನಲ್ಲಿ ಹೋಯಿತು. ಮೊದಲು ಮುಸ್ಸಂಜೆ ಹೊತ್ತು ಕಾಣದಾಯಿತು. ಆಮೇಲೆ ಅಕ್ಕಪಕ್ಕ ಹೋಗಿ, ಊದುಗೊಳವೆಯೊಳಗಿಂದ ನೋಡಿದ ಹಾಗೆ ಎದುರಿಗಿರುವಷ್ಟು ಮಾತ್ರ ಉಳಿಯಿತು. ಎರಡು ವರ್ಷ ಯಾರಿಗೂ ಹೇಳಲಿಲ್ಲ. ಮೂಗು ತಾಗುವ ಹಾಗೆ ಕಂಪ್ಯೂಟರಿಗೆ ಮುಖ ಇಟ್ಟು ಕೂರುತ್ತಿದ್ದೆ. ಎಷ್ಟು ಶ್ರದ್ಧೆಯಿಂದ ಕೆಲಸ ಮಾಡುತ್ತಾಳೆ ಎಂದು ಜನ ಮೆಚ್ಚಿಕೊಂಡರು. ಒಂದು ದಿನ ಬಾಗಿಲಲ್ಲಿ ಮಲಗಿದ್ದ ನಾಯಿಯನ್ನು ಗೋಣಿಚೀಲ ಎಂದುಕೊಂಡು ಕೈಹಾಕಿ ಎತ್ತಲು ಹೋದೆ. ನಾಯಿ ಗುಟ್ಟು ಬಿಟ್ಟುಕೊಟ್ಟಿತು.

ನನ್ನ ಯಜಮಾನರು ಬಂಗಾರಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇದಕ್ಕೆ ಔಷಧವಿಲ್ಲ, ಇನ್ನು ಒಂದೆರಡು ವರ್ಷದಲ್ಲಿ ಉಳಿದದ್ದೂ ಹೋಗುತ್ತದೆ ಎಂದು ಡಾಕ್ಟರು ನಿಧಾನವಾಗಿ ತಿಳಿಸಿದರು. ಹೊರಗೆ ಬಂದು ಇಬ್ಬರೂ ಏನೂ ತೋಚದೆ ರಸ್ತೆಬದಿಯಲ್ಲಿ ನಿಂತೆವು. ಆಮೇಲೆ ಪಾನಿಪುರಿ ತಿಂದೆವು. ಬಂಗಾರಪೇಟೆಗೆ ಹೋದವರು ಸುಖವಾಗಲಿ ದುಃಖವಾಗಲಿ ಪಾನಿಪುರಿ ತಿನ್ನದೆ ಬರುವುದಿಲ್ಲ. ಖಾರಕ್ಕೆ ಕಣ್ಣೀರು ಬಂತು ಎಂದು ಅವರಿಗೆ ಹೇಳಿದೆ. ಅವರೂ ಖಾರ ಎಂದೇ ಹೇಳಿದರು.

ಕಣ್ಣಿಗಿಂತ ಹೆಚ್ಚು ಹೆದರಿಸಿದ್ದು ಡೈರಿ. ಮನೆಯ ಒಲೆ, ಕೊಟ್ಟಿಗೆ, ಬಾವಿ ನನ್ನ ಕೈಗೆ ಗೊತ್ತು. ಆದರೆ ಆ ಮೇಜಿನ ಹಿಂದೆ ಕೂತಾಗ ಮಾತ್ರ ನಾನು ಇಂಥವರ ಹೆಂಡತಿಯೂ ಅಲ್ಲ, ಇಂಥವರ ತಾಯಿಯೂ ಅಲ್ಲ, ಕಾರ್ಯದರ್ಶಿ. ಆ ಕುರ್ಚಿ ಬಿಟ್ಟರೆ ಮತ್ತೆ ಮೂಲೆ ಹಿಡಿಯಬೇಕು.

ಆಗ ಯಾರೋ ಆಂಡರ್ಸನ್‌ಪೇಟೆಯ ಒಬ್ಬರ ವಿಷಯ ಹೇಳಿದರು. ಅವರ ತಂದೆ ಉರಿಗಾಂನಲ್ಲಿದ್ದು ಚಿನ್ನದ ಗಣಿಗೆ ಇಳಿದವರು. ಇವರು ಹುಟ್ಟುಕುರುಡರು. ಹಿಂದೆ ಟೆಲಿಫೋನ್ ಬೂತ್ ನಡೆಸುತ್ತಿದ್ದರು, ಈಗ ಮೊಬೈಲ್ ರೀಚಾರ್ಜ್ ಅಂಗಡಿ. ಅಂಗಡಿಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು, ತೆರೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶವನ್ನು ಬೇಕೆಂದವರಿಗೆ ಕಲಿಸುತ್ತಾರೆ ಎಂದು ಕೇಳಿ, ಬೆಳಗಿನ ಹಾಲು ಮುಗಿಸಿ ಬಸ್ಸು ಹತ್ತಿದೆ.

ಅವರ ಕಂಪ್ಯೂಟರು ಬಾಣಲೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಸಿಡಿಯುತ್ತಿತ್ತು. ಒಂದು ಅಕ್ಷರ ತಿಳಿಯಲಿಲ್ಲ. ಇದು ಯಾವ ಭಾಷೆ ಅಣ್ಣಾ ಎಂದೆ. ಕನ್ನಡವೇ ಎಂದರು, ರೂಢಿಯಾದ ಮೇಲೆ ನಿಧಾನ ಮಾಡಿದರೆ ನಿದ್ದೆ ಬರುತ್ತದಂತೆ. ಮೊದಲ ದಿನ ಅವರು ಮಾಡಿದ ಕೆಲಸವೆಂದರೆ ಮೌಸನ್ನು ಕಿತ್ತು ಡ್ರಾಯರಿಗೆ ಹಾಕಿದ್ದು. ನಮ್ಮಂಥವರಿಗೆ ಕೀಲಿಮಣೆಯೇ ಸಾಕು, ಬಾಣದ ಗುರುತಿನ ಹಿಂದೆ ಓಡುವುದು ಕಣ್ಣಿರುವವರ ಪಾಡು ಎಂದು ಅವರ ವಾದ. ನಾನು ಅವಸರಕ್ಕೆ ಬಿದ್ದು, ಅದು ಹೇಳಿ ಮುಗಿಸುವ ಮೊದಲೇ ಗುಂಡಿ ಒತ್ತಿ ಎಲ್ಲಿಗೋ ಹೋಗಿ ಸಿಕ್ಕಿಕೊಳ್ಳುತ್ತಿದ್ದೆ.

"ತಂಗಚ್ಚಿ, ಅದಿಕ್ಕೆ ಅವಸರ ಇಲ್ಲೆ, ನಿಂಗ್ಯಾಕಮ್ಮಾ?" ಎಂದರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ. "ಕೇಳು. ಆಮೇಲೆ ಒತ್ತು."

ನನ್ನ ಇಡೀ ಆಯುಸ್ಸಿನಲ್ಲಿ ಪೂರ್ತಿ ಕೇಳಿ ಆಮೇಲೆ ಮಾತಾಡಿದವಳಲ್ಲ ನಾನು. ಕಲಿಯಲು ನಾಲ್ಕು ತಿಂಗಳು ಹಿಡಿಯಿತು.

ಡೈರಿಯ ಕಂಪ್ಯೂಟರಿಗೆ ಆ ತಂತ್ರಾಂಶವನ್ನು ಹಾಕಿಸಿಕೊಂಡ ಮೇಲೆ ಹೊಸ ತಲೆನೋವು ಶುರುವಾಯಿತು. ಹಾಲಿನ ಲೆಕ್ಕದ ತಂತ್ರಾಂಶ ಮಾಡಿದ ಪುಣ್ಯಾತ್ಮ ಯಾರೋ, ತೆರೆಯ ಮೇಲೆ ಚಂದಚಂದದ ಚಿತ್ರ ಬರೆದು, ಯಾವ ಗುಂಡಿಗೂ ಹೆಸರು ಕೊಟ್ಟಿರಲಿಲ್ಲ. ಓದಿ ಹೇಳುವ ನನ್ನ ಬಾಯಿಬಡುಕಿಗೆ ಚಿತ್ರ ತಿಳಿಯದು. ಅದು ಒಂದೊಂದರ ಮೇಲೂ ನಿಂತು, "ಬಟನ್. ಬಟನ್. ಬಟನ್" ಎನ್ನುತ್ತಿತ್ತು. ಹೆಸರಿಲ್ಲದ ಒಂಬತ್ತು ಬಟನ್‌ಗಳನ್ನು ನಾನು ಲೆಕ್ಕ ಹಾಕಿ ಕಲಿತೆ. ಮೂರನೆಯದು ಚೀಟಿ. ನಾಲ್ಕನೆಯದು ಇಡೀ ತಿಂಗಳ ಪಟ್ಟಿ. ಒಂದು ದಿನ ಎಣಿಕೆ ತಪ್ಪಿ ನಾಲ್ಕನೆಯದನ್ನು ಒತ್ತಿದೆ. ಕಾಗದ ಕರಕರ ಎಂದು ಬಂದೇ ಬಂತು. ಮೇಜು ಇಳಿದು, ಹೊಸಿಲು ದಾಟಿ ಹೊರಟ ಅದನ್ನು ಹೆಂಗಸರು ಒಣಗಿದ ಸೀರೆಯ ಹಾಗೆ ಎರಡೂ ತುದಿ ಹಿಡಿದು ಮಡಿಸಿ ತಂದುಕೊಟ್ಟರು.

ಇನ್ನೊಂದು ದಿನ ಮೇಲಿನಿಂದ ತಪಾಸಣೆಗೆ ಒಬ್ಬರು ಬಂದರು. ಕರೆಂಟು ಹೋದಾಗ ಬ್ಯಾಟರಿ ಉಳಿಯಲಿ ಎಂದು ನಾನು ಕಂಪ್ಯೂಟರಿನ ತೆರೆಯನ್ನು ಆರಿಸಿಯೇ ಇಟ್ಟಿರುತ್ತೇನೆ, ನನಗೇನು ಅದರ ಉಪಯೋಗ. ಕಪ್ಪು ತೆರೆಯ ಮುಂದೆ ಕೂತು ಪಟಪಟ ಟೈಪು ಮಾಡುತ್ತಿದ್ದವಳನ್ನು ಕಂಡು ಅವರು ಗಾಬರಿಯಾದರು. ಕಂಪ್ಯೂಟರ್ ಆಫ್ ಆಗಿದೆಯಲ್ಲಮ್ಮ ಎಂದು ಮೆಲ್ಲಗೆ, ಹುಚ್ಚರನ್ನು ಮಾತಾಡಿಸುವ ದನಿಯಲ್ಲಿ ಹೇಳಿದರು. ನಾನು ಮೂರನೆಯ ಬಟನ್ ಒತ್ತಿದೆ. ಚೀಟಿ ಬಂತು. ಅವರು ಕಾಫಿಯನ್ನೂ ಕುಡಿಯದೆ ಹೋದರು.

ಇಷ್ಟು ದಿನ ಅದರ ಮಾತೆಲ್ಲ ಇಯರ್‌ಫೋನಿನಲ್ಲಿ ನನ್ನೊಬ್ಬಳ ಕಿವಿಗೆ ಬೀಳುತ್ತಿತ್ತು. ನಡುಮಧ್ಯೆ ಬಾಯಿ ಹಾಕಿದ್ದು ನಮ್ಮ ಮನೆಯ ಮೇಕೆಮರಿ. ಹಿಂದೆಯೇ ಡೈರಿಗೆ ಬಂದು ಇಯರ್‌ಫೋನಿನ ವೈರನ್ನು ಕಡಲೆಬಳ್ಳಿಯೆಂದು ಅಗಿದುಬಿಟ್ಟಿತು. ಹೊಸದು ತರಲು ಆಂಡರ್ಸನ್‌ಪೇಟೆಗೇ ಹೋಗಬೇಕು. ಸಾಲು ಆಗಲೇ ನಿಂತಿತ್ತು. ಬೇರೆ ದಾರಿ ಕಾಣದೆ ಸ್ಪೀಕರ್ ಹಾಕಿದೆ.

ಮೂಗು ಕಟ್ಟಿದಂಥ ಒಂದು ಹೆಣ್ಣುದನಿ ಡೈರಿಯ ತಗಡಿನ ಸೂರಿಗೆಲ್ಲ ಬಡಿದು ಹೇಳಿತು: ನಂಬರು ಹನ್ನೆರಡು, ಫ್ಯಾಟು ಮೂರು ಪಾಯಿಂಟ್ ಆರು, ಡಿಗ್ರಿ ಇಪ್ಪತ್ತೇಳು. ಹನ್ನೆರಡನೆಯ ನಂಬರಿನವಳು, ಯಾರೋ ತನ್ನ ವಯಸ್ಸನ್ನು ಕೂಗಿ ಹೇಳಿದಂತೆ ನಾಚಿಕೊಂಡು ನಕ್ಕಳು.

ಮೂವತ್ತೊಂದನೆಯ ನಂಬರು ಒಬ್ಬ ಅಜ್ಜಿಯದು. ಒಂದೇ ಹಸು, ಒಂದೇ ಸೊಂಬು. ಸಂಘ ಶುರುವಾದ ದಿನದಿಂದ ಹಾಲು ಹಾಕುತ್ತಿರುವವಳು, ಅಕ್ಷರ ಬಾರದವಳು. ಅವಳ ಸರದಿಗೆ ಫ್ಯಾಟು ನಾಲ್ಕು ಪಾಯಿಂಟ್ ಎರಡು ಎಂದಿತು. ಅದು ಒಳ್ಳೇದಾ ಕೆಟ್ಟದ್ದಾ ಎಂದು ಅಜ್ಜಿ ನನ್ನನ್ನು ಕೇಳಿದಳು. ಇವತ್ತಿನ ಸಾಲಿಗೇ ನಿನ್ನದೇ ಹೆಚ್ಚು ಎಂದೆ. ಅಜ್ಜಿ ಸೊಂಬನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ದಿನವೂ ಹಿಂಗೇ ಇರುತ್ತಿತ್ತಾ ಎಂದು ಕೇಳಿದಳು. ಹೌದು, ಹೆಚ್ಚುಕಮ್ಮಿ ಹೀಗೇ, ಚೀಟಿಯಲ್ಲಿ ಇರುತ್ತಿತ್ತಲ್ಲ ಎಂದೆ. ಆ ಚೀಟಿಗಳನ್ನೆಲ್ಲ ರಾಗಿಡಬ್ಬದ ಮೇಲೆ ಮಡಿಸಿಟ್ಟಿದ್ದೇನೆ, ಯಾರ ಕೈಲೂ ಓದಿಸಿಲ್ಲ ಎಂದಳು. ದಿನವೂ ಎರಡು ಹೊತ್ತು ಆ ಕೈಗೆ ಚೀಟಿ ಕೊಟ್ಟವಳು ನಾನು. ಒಂದು ದಿನವಾದರೂ ಓದಿ ಹೇಳಬೇಕು ಅನ್ನಿಸಿರಲಿಲ್ಲ. ಕಣ್ಣು ಚೆನ್ನಾಗಿದ್ದ ಕಾಲದಲ್ಲೂ ಅನ್ನಿಸಿರಲಿಲ್ಲ.

ಅದಕ್ಕೇ ಇರಬೇಕು, ಹೊಸ ಇಯರ್‌ಫೋನು ತರುವುದನ್ನು ನಾನು ಮರೆತೆ. ಮರೆತೆ ಎಂದರೆ, ಆಂಡರ್ಸನ್‌ಪೇಟೆಗೆ ಹೋಗಿ, ಆ ಅಂಗಡಿಯ ಮುಂದೆಯೇ ನಿಂತು, ಸೊಪ್ಪು ಕೊಂಡುಕೊಂಡು ವಾಪಸ್ಸು ಬಂದೆ.

ಒಂದು ವಾರದಲ್ಲಿ ಡೈರಿಯ ಬಣ್ಣವೇ ಬದಲಾಯಿತು. ತಮ್ಮ ನಂಬರು ಬಂದಾಗ ಹೆಂಗಸರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಫ್ಯಾಟು ಏರಿದವಳು ಬೀಗುತ್ತಾ ಮನೆಗೆ ಹೋಗುವಳು. ಇಳಿದವಳು ಹಸಿಮೇವಿನ ಮೇಲೆ, ಮಳೆಯ ಮೇಲೆ, ಕೊನೆಗೆ ಕರುವಿನ ಮೇಲೆ ತಪ್ಪು ಹೊರಿಸುವಳು. ಕಡಲೆಕಾಯಿ ಹಿಂಡಿ ಹಾಕಿದರೆ ಫ್ಯಾಟು ಹೆಚ್ಚುತ್ತದಾ ಎಂಬ ಚರ್ಚೆ ಬೋರ್‌ವೆಲ್ ಹತ್ತಿರವೂ ನಡೆಯುತ್ತಿತ್ತಂತೆ. ಕ್ಯಾನು ತೊಳೆದ ನೀರು ತಳದಲ್ಲಿ ಉಳಿಯುವ ಪವಾಡ ಊರಿನಲ್ಲಿ ನಿಂತೇಹೋಯಿತು.

ಒಂದು ಮನೆ ಬಿಟ್ಟು. ಎಂಟು ಸೀಮೆಹಸುಗಳ ಅತ್ತೆಯ ಮನೆ, ನಂಬರು ಒಂದು. ಯಾವಾಗಲೂ ಆಳಿನ ಕೈಲಿ ಹಾಲು ಕಳಿಸುವ ಅತ್ತೆ ಒಂದು ಸಂಜೆ ತಾವೇ ಬಂದರು. ಬಾಯಿಬಡುಕಿಗೆ ಅಧ್ಯಕ್ಷರೆಂಬ ಮರ್ಯಾದೆ ಎಲ್ಲಿಂದ ಬರಬೇಕು. ಅದೇ ದನಿಯಲ್ಲಿ, ನಂಬರು ಒಂದು, ಫ್ಯಾಟು ಮೂರು, ಡಿಗ್ರಿ ಇಪ್ಪತ್ತಮೂರು ಎಂದು ಸಾರಿಬಿಟ್ಟಿತು. ಮಾದರಿ ತೆಗೆದು ಇಟ್ಟವಳು ಅವರ ಸೊಸೆಯೇ. ಅವಳ ಕೈಲಿದ್ದ ಲೋಟ ಪಾತ್ರೆಗೆ ತಾಗಿ ಠಣ್ ಎಂದದ್ದು ಕೇಳಿಸಿತು. ನಿನ್ನ ಮಿಷನ್ನಿಗೆ ನೆಗಡಿಯಾಗಿದೆ ಎಂದು ಹೇಳಿ ಅತ್ತೆ ಹೊರಟುಹೋದರು. ಆ ಅಂಕಿಗಳು ನನಗೆ ಹೊಸವಲ್ಲ. ವರ್ಷಗಳಿಂದ ನೋಡಿದ್ದೆ, ಆಮೇಲೆ ಕೇಳಿದ್ದೆ, ಬಾಯಿ ಮಾತ್ರ ಬಿಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆಯಿಂದ ನನಗೆ ಉಡುಗೊರೆ ಬಂತು. ಹೊಚ್ಚಹೊಸ ಇಯರ್‌ಫೋನು, ಅದೂ ಒಳ್ಳೆಯದು. ಇಷ್ಟು ಗದ್ದಲದಲ್ಲಿ ನಿನ್ನ ಕಿವಿಯೂ ಹೋದೀತು ಎಂಬ ಕಾಳಜಿ ಬೇರೆ. ಎರಡು ದಿನ ಹಾಕಿಕೊಂಡೆ. ಮೂರನೆಯ ದಿನ ಮೂವತ್ತೊಂದನೆಯ ನಂಬರಿನ ಅಜ್ಜಿ ಚೀಟಿ ಹಿಡಿದು ಮೇಜಿನ ಮುಂದಿನಿಂದ ಕದಲಲಿಲ್ಲ. ಯಾಕಜ್ಜಿ ಎಂದೆ. ಅದು ಯಾಕೆ ಮಾತು ಬಿಟ್ಟಿದೆ, ನನ್ನ ಮೇಲೆ ಕೋಪವಾ ಎಂದು ಕೇಳಿದಳು. ನಾನು ವೈರು ಕಿತ್ತು ಮಡಿಸಿ ಡ್ರಾಯರಿಗೆ ಹಾಕಿದೆ.

ಅದೇ ವಾರ ಅತ್ತೆ ಸದಸ್ಯರ ಸಭೆ ಕರೆದರು. ಯಾವ ವಿಷಯಕ್ಕೆ ಎಂದು ನನಗೆ ತಿಳಿಸಲಿಲ್ಲ, ಊರೆಲ್ಲ ತಿಳಿಸಿತು. ಕಣ್ಣು ಕಾಣದವಳ ಕೈಲಿ ಸಂಘ ಇರುವುದು ಸರಿಯಲ್ಲ, ಅವಳಿಗೂ ಕಷ್ಟ, ಅಧ್ಯಕ್ಷರ ಸೊಸೆ ಹೇಗೂ ಓದಿದ್ದಾಳೆ. ಅಂದಿನ ರಾಗಿಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಕೋಪ ಬಂದರೆ ನನಗೆ ಹಸಿವು ಹೆಚ್ಚು. ಇದು ಕೋಪವಲ್ಲ, ಭಯ ಎಂದು ಆಗ ಗೊತ್ತಾಯಿತು.

ಬೆಳಗಿನ ಹಾಲು ಮುಗಿದ ಮೇಲೆ ಡೈರಿಯಲ್ಲೇ ಸಭೆ. ನಾನು ಕುರ್ಚಿ ಬಿಟ್ಟು ಎಲ್ಲರ ಜೊತೆ ಚಾಪೆಯ ಮೇಲೆ ಕೂತೆ. ಪಕ್ಕಕ್ಕೆ ಬಂದು ಕೂತವಳು ಸೊಸೆ. ಮೈಮೇಲಿನ ಹಾಲಿನ ವಾಸನೆಯಿಂದಲೇ ತಿಳಿಯಿತು.

ನಮ್ಮ ಸಭೆಗಳ ಕ್ರಮವನ್ನು ಇಲ್ಲಿ ಹೇಳಬೇಕು. ನಡಾವಳಿ ಪುಸ್ತಕದಲ್ಲಿ ಒಂದು ಪುಟ ಖಾಲಿ ಬಿಡುತ್ತೇವೆ. ಮೊದಲು ಎಲ್ಲರೂ ಅದರ ಕೆಳಗೆ ಸಹಿ ಹಾಕುತ್ತಾರೆ, ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ, ಟೀ ಕುಡಿದು ಮನೆಗೆ ಹೋಗುತ್ತಾರೆ. ಏನು ತೀರ್ಮಾನವಾಯಿತು ಎಂಬುದನ್ನು ಆಮೇಲೆ ಬಿಡುವಾಗಿ ಮೇಲೆ ಬರೆಯುವುದು. ಹದಿನೈದು ವರ್ಷ ಹಾಗೆ ಬರೆದವಳು ನಾನೇ. ಅದರಲ್ಲಿ ತಪ್ಪಿದೆ ಎಂದು ನನಗೆ ಹೊಳೆದದ್ದು ಆ ಖಾಲಿ ಪುಟ ನನ್ನ ಮೇಲೆಯೇ ತಿರುಗಿದ ದಿನ.

ಅತ್ತೆ ಸಂಘದ ಏಳಿಗೆ, ಹಿಂದಿನ ಕಷ್ಟ ಎಲ್ಲ ಹೇಳಿ, ಪುಸ್ತಕವನ್ನೂ ಇಂಕ್ ಪ್ಯಾಡನ್ನೂ ಮೊದಲ ಸಾಲಿಗೆ ಕೊಟ್ಟರು. ಮೊದಲು ಸಿಕ್ಕಿದ್ದು ಅಜ್ಜಿಗೆ. ಪ್ಯಾಡಿನ ಮುಚ್ಚಳ ತೆಗೆದ ಸದ್ದು ಕೇಳಿತು.

"ಇದ್ರಾಗೇನ್ ಬರ್ದೈತೆ ಅಂತ ಓದಮ್ಮ, ಆಮೇಲೆ ಒತ್ತೀನಿ," ಎಂದಳು ಅಜ್ಜಿ.

ಬರೆಯುವುದು ಆಮೇಲೆ, ಯಾವಾಗಲೂ ಹಾಗೇ ಅಲ್ಲವಾ ಎಂದರು ಅತ್ತೆ. ಅಜ್ಜಿ ಹೌದು ಎಂದಳು, ಆದರೆ ಒತ್ತಲಿಲ್ಲ. ಏನು ಬರೀತೀಯ ಅದನ್ನಾದರೂ ಹೇಳು ಎಂದು ಕಾದು ಕೂತಳು. ಕೊನೆಗೆ ಅತ್ತೆ ಹೇಳಲೇಬೇಕಾಯಿತು: ಕಾರ್ಯದರ್ಶಿಗೆ ಕಣ್ಣು ಕಾಣದ ಕಾರಣ ಕೆಲಸದಿಂದ ಬಿಡಿಸುವುದು. ನನ್ನ ಎದುರಿಗೇ ಹೇಳಬೇಕಾಗಿ ಬಂದದ್ದಕ್ಕೋ ಏನೋ, ಅವರ ದನಿ ಕೊನೆಯಲ್ಲಿ ಕುಸಿಯಿತು.

"ನಂಗೆ ಕಣ್ಣೈತಲ್ಲ, ಯಾವತ್ತಾನ ಆ ಚೀಟಿ ಕಂಡಿದ್ದೀನಾ ನಾನು?" ಎಂದಳು ಅಜ್ಜಿ. "ನನ್ ಆಲು ಒಳ್ಳೇದು ಅಂತ ನಂಗೆ ಯೋಳಿದ್ದು ಈವಮ್ಮನ ಮಿಷನ್ನು. ಕಾಣ್ದೋರ್ನ ಬಿಡಿಸೋದಾದ್ರೆ ನನ್ನೂ ಬಿಡಿಸ್ಬುಡಮ್ಮ."

ಆಮೇಲೆ ಸದ್ದೇ ಇಲ್ಲ. ತುಂಬಿದ ಕೋಣೆ ಸುಮ್ಮನಾದರೆ ಕಣ್ಣಿಲ್ಲದವರಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಯಾರು ಯಾರ ಮುಖ ನೋಡುತ್ತಿದ್ದಾರೆ, ಯಾರು ತಲೆಯಾಡಿಸಿದರು, ಪುಸ್ತಕ ಎಲ್ಲಿದೆ, ಒಂದೂ ತಿಳಿಯದು. ಜನರನ್ನು ಓದಿ ಹೇಳುವ ತಂತ್ರಾಂಶ ಆಂಡರ್ಸನ್‌ಪೇಟೆಯಲ್ಲಿ ಸಿಗುವುದಿಲ್ಲ.

ಆಗ ನನ್ನ ಕಿವಿಯ ಹತ್ತಿರ ಸೊಸೆ ಪಿಸುಗುಟ್ಟಿದಳು.

"ಅಜ್ಜಿ ಎಬ್ಬೆಟ್ಟಿನ ಇಂಕು ಸೆರಗಿಗೆ ಒರಸ್ಕೊಂತಾವ್ಳೆ ಕಣಕ್ಕ."

ಸ್ವಲ್ಪ ಬಿಟ್ಟು ಮತ್ತೆ, ಹನ್ನೆರಡನೆಯ ನಂಬರಿನವಳು ಸಹಿ ಹಾಕದೆ ಪುಸ್ತಕವನ್ನು ಮುಂದಕ್ಕೆ ತಳ್ಳಿದಳು ಎಂದಳು. ಅವಳ ಪಕ್ಕದವಳೂ ತಳ್ಳಿದಳು. ಒಬ್ಬೊಬ್ಬರದೂ ನಂಬರು ಹಿಡಿದು, ಏರಿಳಿತವಿಲ್ಲದೆ, ಸಣ್ಣಗೆ ಹೇಳುತ್ತಾ ಹೋದಳು. ಅತ್ತೆ ಏನು ಮಾಡುತ್ತಿದ್ದಾರೆ ಎಂದು ಕೇಳಿದೆ. ನೆಲ ನೋಡುತ್ತಾ ಕೂತಿದ್ದಾರೆ ಎಂದಳು. ಪುಸ್ತಕ ಸಾಲು ಸಾಲು ದಾಟಿ ಅವಳ ಮಡಿಲಿಗೇ ಬಂದು ನಿಂತಿತು. ಪಿಸುಮಾತು ನಿಂತಿತು. ಪೆನ್ನಿನ ಕ್ಯಾಪು ತೆಗೆದ ಸದ್ದು ಕೇಳಿತು.

ಅವಳು ಸಹಿ ಹಾಕಿದರೆ ಕೆಲಸ ಅವಳದು. ಅವಳ ಅತ್ತೆ ಎದುರಿಗೇ ಇದ್ದಾರೆ. ನಾನಾಗಿದ್ದರೆ ಹಾಕಿಬಿಡುತ್ತಿದ್ದೆನೇನೋ. ಕ್ಯಾಪು ಮತ್ತೆ ಮುಚ್ಚಿಕೊಂಡಿತು. ಏನು ಮಾಡಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳು ಪುಸ್ತಕ ಎತ್ತಿ ನನ್ನ ಮಡಿಲಲ್ಲಿಟ್ಟಳು. ಈ ಸಲ ಪಿಸುಗುಟ್ಟಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಪುಟ ಖಾಲಿ ಐತೆ ಅಕ್ಕ. ನೀನೇ ಕಂಪ್ಯೂಟ್ರಲ್ಲಿ ಬರ್ದು ಓದ್ಸು. ಕೇಳ್ಕೊಂಡು ಒತ್ತೀವಿ."

ಎದ್ದು ಹೋಗಿ ಮೇಜಿನ ಹಿಂದೆ ಕೂತೆ. ಅಳು ಉಕ್ಕಿ ಬರುತ್ತಿತ್ತು. ಕಾರ್ಯದರ್ಶಿಯನ್ನು ಮುಂದುವರಿಸುವುದು ಎಂಬ ಒಂದು ಸಾಲನ್ನು ಮೂರು ಸಲ ತಪ್ಪು ಹೊಡೆದೆ. ಮೂರು ಸಲವೂ ಬಾಯಿಬಡುಕಿ ಆ ತಪ್ಪನ್ನು ಒಂದಕ್ಷರ ಬಿಡದೆ ಸೂರಿಗೆ ಮುಟ್ಟುವಂತೆ ಓದಿತು, ಹೆಂಗಸರು ಬಿದ್ದುಬಿದ್ದು ನಕ್ಕರು, ನಾನೂ ಮೂಗು ಒರೆಸಿಕೊಂಡು ನಕ್ಕೆ. ನಾಲ್ಕನೆಯ ಸಲ ಸರಿಯಾಗಿ ಬಂತು. ಅದು ಓದಿ ಮುಗಿಸಿದ ಮೇಲೆ ಸಹಿಗೆಂದು ಮೊದಲು ಪೆನ್ನು ಕೇಳಿದವರು ಅತ್ತೆ.